ಬೈದಿರೋದಾ, ಹೊಗಳಿರೋದಾ?

ಇಂಗ್ಲಿಷಿನಲ್ಲಿ 20 ಅಕ್ಷರಗಳ ಒಂದು ಕ್ರಿಯಾವಿಶೇಷಣವಿದೆ: ಅನ್‌ಕ್ಯಾರೆಕ್ಟರಿಸ್ಟಿಕಲಿ. ಸಂತೆ, ಬಸ್ಸು, ಬ್ಯಾಂಕುಗಳಲ್ಲಿ ಇದರ ಹಂಗಿಲ್ಲದೆ ಒಂದು ಆಯುಷ್ಯ ಕಳೆಯಬಹುದು. ಕ್ರಿಕೆಟ್ ಕಾಮೆಂಟರಿಯಲ್ಲಿ ಕೆಲವೊಮ್ಮೆ ಕೇಳುತ್ತದೆ. ಕೈಗೆ ಬಂದ ಕ್ಯಾಚನ್ನು ಎಂದೂ ಬಿಡದವನು ಬಿಟ್ಟಾಗ, ಅವಸರದ ಆಟಗಾರ ಇಡೀ ದಿನ ತಾಳ್ಮೆಯಿಂದ ನಿಂತಾಗ. ತನ್ನ ಎಂದಿನ ರೀತಿಗೆ ಹೊರತಾಗಿ ಎಂಬುದು ಇದರ ಸ್ಥೂಲ ಅರ್ಥ. ಕನ್ನಡ ಮಾತೃಭಾಷೆಯವರು ಉದ್ದದ ಇಂಗ್ಲಿಷ್ ಪದಗಳಲ್ಲಿ ಒತ್ತನ್ನು ಎಲ್ಲಿ ಇಡುತ್ತಾರೆ ಎಂಬುದು ನನ್ನ ಪಿಎಚ್.ಡಿ. ವಿಷಯವಾದ್ದರಿಂದ ಜನರಿಂದ ಓದಿಸುವ ಪದಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಂಡಿದ್ದೆ. ಅದಕ್ಕಿಂತ ಹೆಚ್ಚಿನ ಸಂಬಂಧ ನಮ್ಮಿಬ್ಬರ ನಡುವೆ ಬೆಳೆಯುತ್ತದೆ ಎಂದು ಆಗ ಅಂದುಕೊಂಡಿರಲಿಲ್ಲ.

ಬರವಣಿಗೆಯನ್ನು ನಂಬಿದರೆ ಈ ಪದದಲ್ಲಿ ಎಂಟು ಸಿಲೆಬಲ್‌ಗಳಿವೆ: ಅನ್, ಕ್ಯಾ, ರೆಕ್, ಟ, ರಿಸ್, ಟಿ, ಕ, ಲಿ. ಉಚ್ಚಾರಣೆಯ ನಿಘಂಟು ತೆರೆದರೆ ಏಳೇ. ಕೊನೆಯಲ್ಲಿ 'ಟಿಕಲಿ' ಎಂದು ಬರೆದದ್ದನ್ನು ಇಂಗ್ಲಿಷರು 'ಟಿಕ್ಲಿ' ಎನ್ನುತ್ತಾರೆ. ಬೇಸಿಕಲಿ ಎಂಬುದು ಬೇಸಿಕ್ಲಿ ಆಗುವ ಹಾಗೆ. ಬರೆದದ್ದನ್ನು ಬರೆದ ಹಾಗೇ ಓದಿ ಬೆಳೆದ ನಮಗೆ ಇದು ಅನ್ಯಾಯವಾಗಿ ಕಾಣುತ್ತದೆ. ಆದರೆ ನಾವು ಮಾಡುವುದೇನು? 'ಬರಲಿ' ಎಂದು ಬರೆದು 'ಬರ್ಲಿ' ಎನ್ನುತ್ತೇವೆ. 'ಹುಡುಗರು' ಎಂದು ಬರೆದು 'ಹುಡುಗ್ರು' ಎನ್ನುತ್ತೇವೆ. 'ಟಿಕಲಿ'ಗೂ 'ಬರಲಿ'ಗೂ ಆದ ಗತಿ ಒಂದೇ. ನಡುವಿನ ಬಡಪಾಯಿ ಸ್ವರ ಬಿದ್ದುಹೋಗಿ, ಅದರ ವ್ಯಂಜನ ಹಿಂದಿನ ಮನೆಗೆ ಹೋಗಿ ಸೇರಿಕೊಂಡಿದೆ.

ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಬೇಸರಕ್ಕೆ ಈ ಪದಕ್ಕೆ ಪ್ರಸ್ತಾರ ಹಾಕಿದೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕಲಿಸಿದ ಗುರು ಲಘು ಅಷ್ಟು ಸುಲಭಕ್ಕೆ ಕೈಬಿಡುವುದಿಲ್ಲ. ಎಂಟು ಸಿಲೆಬಲ್ ಎಂದುಕೊಂಡರೆ ಅನ್, ಕ್ಯಾ, ರೆಕ್ ಮೂರು ಗುರು, ಟ ಲಘು, ರಿಸ್ ಗುರು, ಟಿ ಕ ಲಿ ಮೂರು ಲಘು. ಒಟ್ಟು 12 ಮಾತ್ರೆ. ಇನ್ನು ಇಂಗ್ಲಿಷರ ಏಳು ಸಿಲೆಬಲ್‌ನ ರೂಪ ತೆಗೆದುಕೊಳ್ಳಿ: ಕೊನೆಯಲ್ಲಿ ಟಿಕ್ ಗುರು, ಲಿ ಲಘು. ಕೂಡಿ ನೋಡಿದರೆ ಆಗಲೂ 12! ಒಂದು ಸಿಲೆಬಲ್ ಕಳೆದುಹೋಗಿದೆ, ಮಾತ್ರೆಯ ಲೆಕ್ಕದಲ್ಲಿ ನಯಾಪೈಸೆ ನಷ್ಟವಿಲ್ಲ. ಎರಡು ಲಘುವಿನ ಜಾಗದಲ್ಲಿ ಒಂದು ಗುರು ಕೂತಿದೆ, ಅಷ್ಟೆ. ಬರಲಿ, ಬರ್ಲಿ ಎರಡಕ್ಕೂ ಮೂರು ಮಾತ್ರೆಯೇ ಎಂಬುದನ್ನು ಬೆರಳು ಮಡಚಿ ನೋಡಿಕೊಳ್ಳಬಹುದು. (ಈ 12 ಮಾತ್ರೆಯನ್ನು ಮೂರರ ಗಣಕ್ಕೂ, ನಾಲ್ಕರ ಗಣಕ್ಕೂ, ಐದರ ಗಣಕ್ಕೂ ಒಡೆಯಲು ನೋಡಿದೆ. ಒಗ್ಗಲಿಲ್ಲ. ಉತ್ಸಾಹ, ಮಂದಾನಿಲ, ಲಲಿತ ಯಾವ ರಗಳೆಯಲ್ಲೂ ಈ ಪದಕ್ಕೆ ಒಂಟಿಯಾಗಿ ಜಾಗವಿಲ್ಲ.)

ಸಿಲೆಬಲ್ ಎಣಿಸುವುದು ಸುಲಭ. ಒತ್ತು ಕಷ್ಟ. ಮೊದಲ ತೊಡಕು ಹೆಸರಿನಲ್ಲೇ ಇದೆ. ಕನ್ನಡದಲ್ಲಿ ಒತ್ತು ಎಂದರೆ ಅಕ್ಷರದ ಕೆಳಗೆ ಜೋತುಬಿದ್ದ ಇನ್ನೊಂದು ಅಕ್ಷರ: ಕ ಒತ್ತು, ತ ಒತ್ತು. ಭಾಷಾವಿಜ್ಞಾನದವರು ಹೇಳುವ ಒತ್ತು ಕಣ್ಣಿಗೆ ಕಾಣುವುದಿಲ್ಲ, ಕಾಗುಣಿತದಲ್ಲಿ ಇರುವುದಿಲ್ಲ. ಒಂದು ಪದದ ಸಿಲೆಬಲ್‌ಗಳಲ್ಲಿ ಒಂದನ್ನು ತುಸು ಉದ್ದ, ತುಸು ಜೋರು, ತುಸು ಎತ್ತರದ ದನಿಯಲ್ಲಿ ನುಡಿದು ಉಳಿದವನ್ನು ಸಪ್ಪೆ ಮಾಡುವುದು. ಈ ಸಪ್ಪೆ ಮಾಡುವ ಭಾಗವೇ ನಮಗೆ ಬಾರದ್ದು. ಒಂದನ್ನು ಎತ್ತಿ ಹೇಳು ಎಂದರೆ ಯಾರಾದರೂ ಹೇಳಿಯಾರು. ಮಿಕ್ಕ ಸ್ವರಗಳನ್ನು ಆ ಅಲ್ಲದ ಎ ಅಲ್ಲದ ಒಂದು ಮಂಕು ದನಿಯಲ್ಲಿ ನುಂಗು ಎಂದರೆ ಕನ್ನಡದ ನಾಲಿಗೆ ಒಪ್ಪುವುದಿಲ್ಲ. ನಮ್ಮಲ್ಲಿ ಅರ್ಥ ನಿಂತಿರುವುದು ಸ್ವರದ ಉದ್ದದ ಮೇಲೆ ಮತ್ತು ದ್ವಿತ್ವದ ಮೇಲೆ. ಬಿಡು ಬೇರೆ, ಬೀಡು ಬೇರೆ. ಕತೆ ಬೇರೆ, ಕತ್ತೆ ಬೇರೆ. ಕತೆಯ ಮೊದಲ ಅಕ್ಷರವನ್ನು ಕೂಗಿ ಹೇಳಿದರೂ, ಕೊನೆಯದನ್ನು ಕೂಗಿ ಹೇಳಿದರೂ ಅದು ಕತೆಯೇ. ಇಂಗ್ಲಿಷಿನ ರೆಕಾರ್ಡ್ ಹಾಗಲ್ಲ. ಒತ್ತು ಮೊದಲಿಗೆ ಬಿದ್ದರೆ ದಾಖಲೆ, ಎರಡನೆಯದಕ್ಕೆ ಬಿದ್ದರೆ ದಾಖಲಿಸು.

ಹಾಗಾದರೆ ಒತ್ತು ಎಲ್ಲಿ ಬೀಳುತ್ತದೆ? ಇಂಗ್ಲಿಷ್ ನಾಮಪದಗಳಿಗೆ ಲ್ಯಾಟಿನ್ನಿನಿಂದ ಬಂದ ಒಂದು ನಿಯಮವಿದೆ. ಛಂದಸ್ಸು ಓದಿದ ಕನ್ನಡದ ವಿದ್ಯಾರ್ಥಿಗೆ ಅದು ಕೇಳಿದ ತಕ್ಷಣ ತಿಳಿಯುತ್ತದೆ. ಕೊನೆಯಿಂದ ಎರಡನೆಯ ಸಿಲೆಬಲ್ ನೋಡು. ಅದು ಗುರುವಾದರೆ ಒತ್ತು ಅಲ್ಲೇ. ಲಘುವಾದರೆ ಇನ್ನೊಂದು ಹೆಜ್ಜೆ ಹಿಂದೆ ಹೋಗು. ಅಜೆಂಡಾದಲ್ಲಿ 'ಜೆಂ' ಗುರು, ಒತ್ತು ಅದರ ಮೇಲೆ. ವೆರಾಂಡಾದಲ್ಲಿ 'ರಾಂ'. ಸಿನೆಮಾದಲ್ಲಿ ನಡುವಿನ 'ನೆ' ಲಘು, ಹಾಗಾಗಿ ಒತ್ತು 'ಸಿ'ಗೆ. ಅಮೆರಿಕಾದಲ್ಲಿ 'ರಿ' ಲಘು, ಒತ್ತು 'ಮೆ'ಗೆ. ಎಲ್ಲ ಪದಗಳೂ ಈ ಮಾತು ಕೇಳುತ್ತವೆ ಎಂದಲ್ಲ. ಆದರೂ ನೋಮ್ ಚಾಮ್‌ಸ್ಕಿ ಮತ್ತು ಮೋರಿಸ್ ಹ್ಯಾಲೆ 1968ರ ತಮ್ಮ ದಪ್ಪ ಪುಸ್ತಕದಲ್ಲಿ ಇಂಗ್ಲಿಷಿನ ಒತ್ತನ್ನು ಸೂತ್ರಕ್ಕೆ ಇಳಿಸುವಾಗ ಆಧಾರ ಮಾಡಿಕೊಂಡದ್ದು ಈ ಭಾರ ಮತ್ತು ಹಗುರದ ಭೇದವನ್ನೇ. ಅದನ್ನು ಓದುವಾಗ ನನಗೆ 10ನೇ ಶತಮಾನದ ನಮ್ಮ ನಾಗವರ್ಮನ ನೆನಪಾಗುತ್ತಿತ್ತು. ಛಂದೋಂಬುಧಿ ಕಲಿತವರಿಗೆ ಇಂಗ್ಲಿಷ್ ಒತ್ತನ್ನು ಗುರು ಲಘುವಿನ ಮೂಲಕವೇ ಹೇಳಿಕೊಡಬಹುದು. ನಮ್ಮ ಪಠ್ಯಪುಸ್ತಕಗಳು ಅದನ್ನು ಯಾಕೆ ಮಾಡುವುದಿಲ್ಲವೋ!

ಈಗ ಕ್ಯಾರೆಕ್ಟರ್ ಎಂಬ ಪದವನ್ನು ಈ ನಿಯಮಕ್ಕೆ ಒಡ್ಡಿ. ಕೊನೆಯಿಂದ ಎರಡನೆಯದು 'ರೆಕ್', ಸ್ಪಷ್ಟ ಗುರು. ಒತ್ತು ಅಲ್ಲಿ ಬೀಳಬೇಕು. ನಮ್ಮ ಹಳ್ಳಿಗಳ ಹುಡುಗರು ಅಲ್ಲೇ ಬೀಳಿಸುತ್ತಾರೆ ಕೂಡ: ಕ್ಯಾ-ರೆಕ್-ಟರ್, ನಡುವಿನದು ಗಟ್ಟಿ. ಆದರೆ ಇಂದಿನ ಇಂಗ್ಲಿಷ್ ಇದೊಂದು ಅಪವಾದ ಎಂದು ಒತ್ತನ್ನು ಮೊದಲನೆಯದಕ್ಕೆ ಕೊಟ್ಟು, 'ರೆಕ್' ಅನ್ನು 'ರಿಕ್'ಗೂ 'ರಕ್'ಗೂ ನಡುವೆ ಎಲ್ಲೋ ಮಂಕಾಗಿಸುತ್ತದೆ. ಹುಡುಗರನ್ನು ನೋಡಿ ನಗುವವರಿಗೆ ನಾನು ಒಂದು ಸಂಗತಿ ಹೇಳುವುದುಂಟು. 'ಹ್ಯಾಮ್ಲೆಟ್' ನಾಟಕದ ಮೊದಲ ಅಂಕದಲ್ಲಿ ಪೊಲೋನಿಯಸ್ ತನ್ನ ಮಗನಿಗೆ ಬುದ್ಧಿ ಹೇಳುತ್ತಾ, ಈ ಮಾತುಗಳನ್ನು ನೆನಪಿನಲ್ಲಿ ಕೊರೆದಿಟ್ಟುಕೋ ಎನ್ನುವಾಗ ಕ್ಯಾರೆಕ್ಟರ್ ಎಂಬುದನ್ನೇ ಕ್ರಿಯಾಪದವಾಗಿ ಬಳಸುತ್ತಾನೆ. ಆ ಸಾಲಿನ ಹತ್ತು ಸಿಲೆಬಲ್‌ಗಳ ನಡೆ ಸರಿಹೋಗಬೇಕಾದರೆ ಒತ್ತು ಎರಡನೆಯ ಸಿಲೆಬಲ್ ಮೇಲೆ, ಅಂದರೆ 'ರೆಕ್' ಮೇಲೆಯೇ ಬೀಳಬೇಕು. ಶೇಕ್ಸ್‌ಪಿಯರ್ ಅಲ್ಲಿ ಹೇಳಿಸಿದ್ದು ಶಿರಾ ಕಡೆಯ ಹುಡುಗರು ಹೇಳುವ ಹಾಗೆ.

ಕ್ಯಾರೆಕ್ಟರ್‌ಗೆ 'ಇಸ್ಟಿಕ್' ಸೇರಿದ ಮೇಲೆ ಚಿತ್ರ ಬದಲಾಗುತ್ತದೆ. 'ಇಕ್' ಎಂಬ ಪ್ರತ್ಯಯ ಒಳ್ಳೆಯ ಯಜಮಾನಿಕೆಯದ್ದು. ಎಲ್ಲಿ ಬಂದು ಕೂತರೂ ತನ್ನ ಹಿಂದಿನ ಸಿಲೆಬಲ್‌ಗೆ ಒತ್ತನ್ನು ಎಳೆದುಕೊಳ್ಳುತ್ತದೆ. ಫೋಟೊಗ್ರಾಫ್‌ನಲ್ಲಿ ಒತ್ತು 'ಫೋ'ಗೆ, ಫೋಟೊಗ್ರಾಫರ್‌ನಲ್ಲಿ 'ಟೊ'ಗೆ, ಫೋಟೊಗ್ರಾಫಿಕ್‌ನಲ್ಲಿ 'ಗ್ರಾ'ಗೆ. ಪಾಲಿಟಿಕ್ಸ್, ಅರೇಬಿಕ್‌ನಂಥ ಕೆಲವು ಮೊಂಡುಗಳನ್ನು ಬಿಟ್ಟರೆ ಇದು ನಂಬಬಹುದಾದ ಸೂತ್ರ. ಹಾಗಾಗಿ ಕ್ಯಾರೆಕ್ಟರಿಸ್ಟಿಕ್‌ನಲ್ಲಿ ಮುಖ್ಯ ಒತ್ತು 'ರಿಸ್'ಗೆ ಹೋಗುತ್ತದೆ, 'ಕ್ಯಾ'ಗೆ ಎರಡನೆಯ ದರ್ಜೆಯ ಒತ್ತು ಉಳಿಯುತ್ತದೆ. ಆಮೇಲೆ ಮುಂದೆ 'ಅನ್' ಬರಲಿ, ಹಿಂದೆ 'ಲಿ' ಬರಲಿ, 'ರಿಸ್' ಅಲುಗುವುದಿಲ್ಲ.

ಇದೆಲ್ಲ ನನಗೆ ಪಾಠವಾಗಿ ಗೊತ್ತಿತ್ತು. ಫೆಲೋಶಿಪ್ ಇಲ್ಲದ ಸಂಶೋಧನಾ ವಿದ್ಯಾರ್ಥಿಗಳು ಮಾಡುವಂತೆ ನಾನೂ ಎರಡು ವರ್ಷ ತಾಲ್ಲೂಕು ಕೇಂದ್ರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಎರಡನೆಯ ಬಿ.ಎ. ಓದುತ್ತಿದ್ದ ಒಬ್ಬಳು ಹುಡುಗಿ ಒಂದು ಸಂಜೆ ಅಸೈನ್‌ಮೆಂಟ್ ಹಾಳೆಗಳನ್ನು ಮಡಚಿ ಹಿಡಿದುಕೊಂಡು ಬಂದಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡದ್ದು ತನ್ನದೇ ಹಟದಿಂದ. ಆ ಅಸೈನ್‌ಮೆಂಟ್ ನಾನು ಕೊಟ್ಟದ್ದಲ್ಲ, ಬೇರೊಂದು ಪತ್ರಿಕೆಯದು. ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ: ಅನ್‌ಕ್ಯಾರೆಕ್ಟರಿಸ್ಟಿಕಲಿ ಫ್ಲೂಯೆಂಟ್. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

"ಮೇಡಂ, ಇದು ಬೈದಿರೋದಾ, ಹೊಗಳಿರೋದಾ?"

ನಿಘಂಟು ನೋಡಲಿಲ್ಲವೇ ಎಂದೆ. ನೋಡಿದ್ದಳು. ಮೊಬೈಲಿನಲ್ಲಿ ಬಂದ ಕನ್ನಡ ಅರ್ಥ ಅವಳಿಗೆ ತಲೆಬುಡ ತಿಳಿದಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ರೊಳಗೆ ಕ್ಯಾರೆಕ್ಟರ್ ಅಂತ ಐತಲ್ಲ ಮೇಡಂ. ಮುಂದೆ ಅನ್ ಅಂತ ಬೇರೆ ಐತೆ. ಮನೇಲಿ ತೋರಿಸಕ್ಕೆ ಭಯ ಆಯ್ತು," ಎಂದಳು.

ಆಗ ಹೊಳೆಯಿತು. ಕ್ಯಾರೆಕ್ಟರ್ ಈಗ ಕನ್ನಡದ ಪದ. ಅದರ ಅರ್ಥ ಕನ್ನಡದಲ್ಲಿ ಬೇರೆಯೇ ದಿಕ್ಕು ಹಿಡಿದಿದೆ. "ಅವನೊಂದು ಕ್ಯಾರೆಕ್ಟರ್ ಕಣಪ್ಪ" ಎಂದು ಗಂಡಸಿನ ಬಗ್ಗೆ ಹೇಳಿದರೆ ನಗು ಬರುತ್ತದೆ. "ಅವಳ ಕ್ಯಾರೆಕ್ಟರ್ ಸರಿಯಿಲ್ಲ" ಎಂದು ಹೇಳಿದರೆ ಒಂದು ಮದುವೆ ಮುರಿಯುತ್ತದೆ, ಓದು ನಿಲ್ಲುತ್ತದೆ. ಇಪ್ಪತ್ತು ಅಕ್ಷರಗಳ ಆ ಉದ್ದ ಪದದಲ್ಲಿ ಅವಳಿಗೆ ಪರಿಚಯದ ಮುಖ ಅದೊಂದೇ. ಅದರ ಹಿಂದೆ 'ಅನ್' ಇದ್ದರೆ ಏನರ್ಥ? ಕ್ಯಾರೆಕ್ಟರ್ ಇಲ್ಲದವಳು. ಒಂದು ವಾರ ಆ ಹಾಳೆಯನ್ನು ಬ್ಯಾಗಿನ ತಳದಲ್ಲಿ ಇಟ್ಟುಕೊಂಡು ಓಡಾಡಿದ್ದಳು.

ಪದರಚನೆಯ ಪಾಠದಲ್ಲಿ ನಾವು ಆವರಣಗಳನ್ನು ಹಾಕುತ್ತೇವೆ: ಯಾವುದಕ್ಕೆ ಯಾವುದು ಮೊದಲು ಅಂಟಿತು, ಯಾವುದು ಆಮೇಲೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಆ ದಿನ ಬೋರ್ಡಿನ ಮುಂದೆ ನಿಂತು ಅದನ್ನು ಬಿಡಿಸುವಾಗ ಅದು ಎರಡು ಅಂಕದ ವಿಷಯವಾಗಿರಲಿಲ್ಲ. ಇಂಗ್ಲಿಷಿನಲ್ಲಿ ಅನ್‌ಕ್ಯಾರೆಕ್ಟರ್ ಎಂಬ ಪದವೇ ಬಳಕೆಯಲ್ಲಿಲ್ಲ. ನಿರಾಕರಣೆಯ ಈ 'ಅನ್' ಸಾಮಾನ್ಯವಾಗಿ ಹಿಡಿಯುವುದು ಗುಣವಾಚಕವನ್ನು. ಹಾಗಾಗಿ ಮೊದಲು ಕ್ಯಾರೆಕ್ಟರ್, ಅದಕ್ಕೆ ಇಸ್ಟಿಕ್ ಸೇರಿ ಕ್ಯಾರೆಕ್ಟರಿಸ್ಟಿಕ್, ಅಂದರೆ ಒಬ್ಬರಿಗೆ ಅಥವಾ ಒಂದಕ್ಕೆ ವಿಶಿಷ್ಟವಾದದ್ದು, ಎಂದಿನ ಲಕ್ಷಣಕ್ಕೆ ತಕ್ಕದ್ದು. ಆಮೇಲೆ ಮುಂದೆ ಅನ್. ಕೊನೆಗೆ ಲಿ. ನಿನ್ನ ನಡತೆಗೂ ಈ ಪದಕ್ಕೂ ಸಂಬಂಧವಿಲ್ಲ, ಅನ್ ಬಂದು ಕೂತಿರುವುದು 'ಎಂದಿನ ಹಾಗೆ' ಎಂಬುದರ ಮೇಲೆ ಎಂದೆ. ಅವಳ ಮುಖದ ಬಿಗಿ ಕಡಿಮೆಯಾದದ್ದು ಕಂಡಿತು.

ಬಿಡಿಸಲು ಕೂತ ಮೇಲೆ ಪೂರ್ತಿ ಬಿಡಿಸೋಣ ಎನಿಸಿತು. ಮೂಲದ ಗ್ರೀಕಿನಲ್ಲಿ ಖರಾಕ್ಟೇರ್ ಎಂದರೆ ಕೊರೆಯುವ ಉಪಕರಣ, ಅದು ಮೂಡಿಸಿದ ಗುರುತು, ನಾಣ್ಯದ ಮೇಲಿನ ಮುದ್ರೆ. ಮನುಷ್ಯರ ಮೇಲೂ ಅಂಥ ಮುದ್ರೆ ಇರುತ್ತದೆ ಎಂಬ ಭಾವನೆಯಿಂದ ಅದು ಸ್ವಭಾವದ ಕಡೆ ಹೊರಳಿತು. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಇದೇ ಹೆಸರಿನಲ್ಲಿ ಜಿಪುಣ, ಬಾಯಿಬಡುಕ, ಹೊಗಳುಭಟ್ಟ ಹೀಗೆ 30 ಮಾದರಿಯ ಮನುಷ್ಯರ ಪುಟ್ಟ ಚಿತ್ರಗಳನ್ನು ಬರೆದ. ಕನ್ನಡದಲ್ಲಿ 'ಅಚ್ಚು' ಇದಕ್ಕೆ ಹತ್ತಿರ. ಅಪ್ಪನ ಅಚ್ಚು ಎನ್ನುತ್ತೇವಲ್ಲ, ಹಾಗೆ. 'ಅನ್' ಇಂಗ್ಲಿಷಿನ ಸ್ವಂತದ್ದು. ಆದರೆ ಅನುಚಿತ, ಅನರ್ಹ ಪದಗಳಲ್ಲಿರುವ ಸಂಸ್ಕೃತದ 'ಅನ್' ಅದರ ದೂರದ ದಾಯಾದಿ. ಎರಡರ ಮೂಲವೂ ಒಂದೇ. ಅಚ್ಚಗನ್ನಡದಲ್ಲಿ ಹೀಗೆ ಮುಂದೆ ನಿಂತು ಇಲ್ಲ ಎನ್ನುವ ಪ್ರತ್ಯಯ ಇಲ್ಲ. ನಾವು ಕೊನೆಯವರೆಗೂ ಕಾಯಿಸಿ ಇಲ್ಲದ, ಅಲ್ಲದೆ, ಆಗದೆ ಎಂದು ಹೇಳುವವರು.

ಇನ್ನು ಆ ಪುಟ್ಟ 'ಲಿ'. ಹಳೆಯ ಇಂಗ್ಲಿಷಿನಲ್ಲಿ 'ಲೀಚ್' ಎಂಬಂತೆ ಉಚ್ಚರಿಸುತ್ತಿದ್ದ ಒಂದು ಪದವಿತ್ತು. ಅರ್ಥ ದೇಹ, ಹೆಣ. ಇಂಗ್ಲೆಂಡಿನ ಹಳೆಯ ಚರ್ಚುಗಳ ಅಂಗಳದ ಬಾಗಿಲಿಗೆ, ಶವಪೆಟ್ಟಿಗೆಯನ್ನು ಇಳಿಸಿಕೊಳ್ಳುತ್ತಿದ್ದ ಜಾಗಕ್ಕೆ, ಇಂದಿಗೂ ಲಿಚ್‌ಗೇಟ್ ಎನ್ನುತ್ತಾರೆ. ಅದೇ ಪದ ಸವೆದು ಸವೆದು ಪ್ರತ್ಯಯವಾಗಿ, ಇಂಥ ದೇಹವುಳ್ಳ, ಇಂಥ ರೂಪದ, ಈ ರೀತಿಯಲ್ಲಿ ಎಂದಾಯಿತು. ಫ್ರೆಂಚರು ಇದೇ ಕೆಲಸಕ್ಕೆ ಲ್ಯಾಟಿನ್ನಿನ ಮನಸ್ಸು ಎಂಬ ಪದವನ್ನು ಹಿಡಿದರು. ಅವರ ಕ್ರಿಯಾವಿಶೇಷಣಗಳ ಕೊನೆಯ 'ಮಾಂ' ಅದೇ. ನಾವು 'ಆಗು' ಎಂಬ ಧಾತುವಿನಿಂದ 'ಆಗಿ' ಮಾಡಿಕೊಂಡೆವು: ಸಹಜವಾಗಿ, ಚೆನ್ನಾಗಿ, ಮೌನವಾಗಿ. ಅವರಿಗೆ ದೇಹ, ಇವರಿಗೆ ಮನಸ್ಸು, ನಮಗೆ ಆಗುವಿಕೆ. ಈ ಮೂರರಲ್ಲಿ ನಮ್ಮದೇ ಚೆಂದ ಎಂದು ನನಗೆ ಅನಿಸುವುದರಲ್ಲಿ ಪಕ್ಷಪಾತ ಇರಬಹುದು. ಸುಮ್ಮನೆ, ಮೆಲ್ಲನೆ, ಥಟ್ಟನೆ ಎಂಬವು ಇನ್ನೂ ಚೆಂದ, ಆದರೆ ಅವು ಬೇರೆ ಒಕ್ಕಲು.

ಹುಡುಗಿ ಎಲ್ಲ ಬರೆದುಕೊಂಡು ತಲೆಯೆತ್ತಿ ಕೇಳಿದಳು: "ಹಂಗಾದ್ರೆ ಯಾವತ್ತೂ ಇಲ್ಲದ ಹಂಗೆ ಚೆನ್ನಾಗಿ ಬರ್ದಿದೀಯಾ ಅಂತ. ಹೊಗಳಿರೋದೇ ಅಲ್ವಾ ಮೇಡಂ? ಮತ್ತೆ ಪ್ರಶ್ನೆ ಗುರುತು ಯಾಕೆ?"

ವ್ಯಾಕರಣ ಅಲ್ಲಿಗೆ ಮುಗಿದಿತ್ತು. ಎಂದಿನ ರೀತಿಗೆ ಹೊರತು ಎನ್ನಬೇಕಾದರೆ ಎಂದಿನ ರೀತಿ ಇಂಥದ್ದು ಎಂದು ಹೇಳುವವರು ಮೊದಲೇ ತೀರ್ಮಾನಿಸಿರಬೇಕು. ಅಚ್ಚು ಒತ್ತಿಯಾಗಿರಬೇಕು. ಈ ಹುಡುಗಿಯಂಥವರ ಇಂಗ್ಲಿಷ್ ಹೀಗಿರುತ್ತದೆ ಎಂಬ ಅಚ್ಚು ಅದು. ಅದರಾಚೆ ಹೋದರೆ ಎಲ್ಲಿಂದಲೋ ನಕಲು ಮಾಡಿರಬೇಕು. ಪ್ರಶ್ನೆಯ ಗುರುತು ಹೇಳುತ್ತಿದ್ದದ್ದು ಅದನ್ನೇ. ನೋಡಿದರೆ ಅವಳು ನಾಲ್ಕು ಪುಟದ ಆ ಬರಹವನ್ನು ಮೊದಲು ಕನ್ನಡದಲ್ಲಿ ಬರೆದಿದ್ದಳು. ನಂತರ ಇಂಗ್ಲಿಷಿನಲ್ಲಿ ನಾಲ್ಕು ಸಲ ತಿದ್ದಿದ್ದಳು. ನೋಟ್‌ಬುಕ್ಕಿನಲ್ಲಿ ಎಲ್ಲ ಕರಡುಗಳೂ ಇದ್ದವು, ಒಡೆದ ಪೆನ್ನಿನ ಕಲೆಯ ಸಮೇತ. ಇದನ್ನು ಅವಳಿಗೆ ಬಿಡಿಸಿ ಹೇಳುವುದೋ ಬೇಡವೋ ಎಂದು ಯೋಚಿಸಿದೆ. ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. "ನಾನೇ ಹೋಗಿ ಕೇಳ್ತೀನಿ. ಆದ್ರೆ ಈ ಪದ ಅವರ ಮುಂದೆ ಸರಿಯಾಗಿ ಹೇಳ್ಬೇಕು, ಹೇಳ್ಕೊಡಿ," ಎಂದಳು.

ನನ್ನ ಸಂಶೋಧನೆಯ ದೊಡ್ಡ ಜಗಳವೇ ಎದುರಿಗೆ ಬಂದು ನಿಂತಿತು. ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ 1969ರಲ್ಲಿ ಆರ್.ಕೆ. ಬನ್ಸಲ್ ಅವರ ಅಧ್ಯಯನವೊಂದನ್ನು ಪ್ರಕಟಿಸಿತು. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದೆ ಹೋಗುವುದಕ್ಕೆ ಪದದ ಒತ್ತು ತಪ್ಪುವುದು ಒಂದು ಮುಖ್ಯ ಕಾರಣ ಎಂದು ಅವರು ಕಂಡರು. ಜೆನಿಫರ್ ಜೆಂಕಿನ್ಸ್ 2000ದ ತಮ್ಮ ಪುಸ್ತಕದಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ತಮ್ಮೊಳಗೆ ಆಡುವಾಗ ವಾಕ್ಯದ ಮುಖ್ಯ ಪದಕ್ಕೆ ಒತ್ತು ಬಿದ್ದರೆ ಸಾಕು, ಒಂದೊಂದು ಪದದೊಳಗಿನ ಒತ್ತಿಗಾಗಿ ಅಷ್ಟು ಒದ್ದಾಡಬೇಕಿಲ್ಲ ಎಂಬ ನಿಲುವಿಗೆ ಬಂದರು. ನನ್ನ ಒಲವು ಜೆಂಕಿನ್ಸ್ ಕಡೆ. ಕನ್ನಡದವನು ಕನ್ನಡದವಳೊಡನೆ ತುಮಕೂರಿನಲ್ಲಿ ಇಂಗ್ಲಿಷ್ ಆಡುವಾಗ ಲಂಡನ್ನಿನ ಮಂಕು ಸ್ವರಕ್ಕೆ ಯಾಕೆ ಜೋತುಬೀಳಬೇಕು? ಆದರೆ ಅವಳು ಹೋಗುತ್ತಿದ್ದದ್ದು ತನ್ನನ್ನು ಅನುಮಾನಿಸಿದವರ ಮುಂದೆ. ಅಲ್ಲಿ ಒಂದು ಸಿಲೆಬಲ್ ಆಚೀಚೆಯಾದರೂ ಅದೇ ಸಾಕ್ಷಿಯಾಗುತ್ತಿತ್ತು. ಹಾಗಾಗಿ ಹೇಳಿಕೊಟ್ಟೆ. ಬೆಂಚಿನ ಮೇಲೆ ತಾಳ ಹಾಕಿಸಿದೆ. ಏಳು ಪೆಟ್ಟು, ಎರಡನೆಯದು ಅರೆ ಗಟ್ಟಿ, ಐದನೆಯದು ಪೂರ್ತಿ ಗಟ್ಟಿ. ಹತ್ತು ನಿಮಿಷದಲ್ಲಿ ಅವಳಿಗೆ ಹತ್ತಿತು. 'ಟಿಕಲಿ' ಬೇಡ, 'ಟಿಕ್ಲಿ' ಎಂದಾಗ, "ಬರ್ಲಿ ಅನ್ನೋ ಹಂಗೆ," ಎಂದು ತಾನೇ ಹೇಳಿದಳು.

ಮರುದಿನ ಸ್ಟಾಫ್ ರೂಮಿಗೆ ಹೋಗಿಬಂದಳು. ನಾನು ಜೊತೆಗೆ ಹೋಗಲಿಲ್ಲ, ಅವಳು ಬೇಡವೆಂದಿದ್ದಳು.

"ಏನಂದ್ರು?"

"ನೋಟ್‌ಬುಕ್ ಇಟ್ಟೋಗು, ನೋಡ್ತೀನಿ ಅಂದ್ರು."

"ಪದ ಹೇಳಿದ್ಯಾ?"

"ಹೇಳ್ದೆ. ರಿಸ್ ಹತ್ರ ಜೋರಾಗೇ ಹೇಳ್ದೆ."

ನೋಟ್‌ಬುಕ್ ವಾಪಸು ಬರಲು ಹದಿನೈದು ದಿನ ಬೇಕಾಯಿತು. ಅಸೈನ್‌ಮೆಂಟಿನ ಅಂಕ ಎರಡು ಹೆಚ್ಚಾಗಿತ್ತು. ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಒಂದು ಗೀಟು ಎಳೆದಿದ್ದರು, ಪದವನ್ನು ಹಾಗೇ ಬಿಟ್ಟಿದ್ದರು. ಅದರ ತಲೆಯ ಮೇಲೆ ಅವಳು ಪೆನ್ಸಿಲಿನಲ್ಲಿ ಸಣ್ಣದಾಗಿ ಗುರು ಲಘುವಿನ ಗುರುತು ಹಾಕಿಕೊಂಡಿದ್ದಳು.